ಹಾರ್‌ಫಿಷ್: ಎಣಿಕೆಯ ಗದ್ದಲ ತೆಗೆಯುವ ಆರ್ ಪ್ಯಾಕೇಜ್

ಹಳೇ ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ನಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ, ಅಲ್ವಾ? ನಮ್ಮಜ್ಜನ ಮನೆ ಅಟ್ಟದಲ್ಲಿ ಒಂದು ಸಿಕ್ಕಿತು. ಅದನ್ನು ವಿಕಿರಣ ಎಣಿಸುವ ಗೈಗರ್ ಕೌಂಟರ್ ಪಕ್ಕ ಇಟ್ಟು, ತೆಗೆದು, 10 ಸೆಕೆಂಡಿಗೊಂದರಂತೆ 1024 ಎಣಿಕೆ ಬರೆದುಕೊಂಡೆ. ಹತ್ತಿರ ಹತ್ತಿರ ಮೂರು ಗಂಟೆ ಕೂತೆ. ಗ್ರಾಫ್ ನೋಡಿದರೆ ಬರೀ ಮುಳ್ಳುಬೇಲಿ. ಅದನ್ನು ಹಸನು ಮಾಡಿದ್ದು ಹಾರ್‌ಫಿಷ್ (haarfisz), ಅಂದರೆ ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಪ್ಯಾಕೇಜ್.

ಎಣಿಕೆಯ ಕಷ್ಟವೇ ಇದು. ಸರಾಸರಿ 4 ಇದ್ದಾಗ ಏರಿಳಿತ ಸುಮಾರು 2, ಸರಾಸರಿ 25 ಆದರೆ ಏರಿಳಿತ 5. ಎರಡಕ್ಕೂ ಒಂದೇ ಜರಡಿ ಹಿಡಿದರೆ ಆಗುವುದಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಫ್ರಿಜ್ಲೆವಿಚ್ ಮತ್ತು ನೇಸನ್ 2004ರಲ್ಲಿ ಪ್ರಕಟಿಸಿದ ಉಪಾಯ ನನಗೆ ತುಂಬಾ ಹಿಡಿಸಿತು: ಅಕ್ಕಪಕ್ಕದ ಎಣಿಕೆಗಳ ವ್ಯತ್ಯಾಸವನ್ನು ಅಲ್ಲಿನದೇ ಸರಾಸರಿಯ ವರ್ಗಮೂಲದಿಂದ ಭಾಗಿಸುವುದು. ಆಗ ಈ ಏರಿಳಿತ, ಅಂದರೆ ಗದ್ದಲ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. ಆಮೇಲೆ ಸಾಲನ್ನು ವೇವ್ಲೆಟ್‌ಗಳಾಗಿ, ಅಂದರೆ ಚಿಕ್ಕ ದೊಡ್ಡ ಅಲೆಯ ತುಣುಕುಗಳಾಗಿ ಒಡೆದು, ಅವುಗಳ ಸಣ್ಣ ಗುಣಾಂಕಗಳನ್ನು ಅಳಿಸಿ, ಲೆಕ್ಕವನ್ನು ಹಿಂದಕ್ಕೆ ತಿರುಗಿಸಬೇಕು. ಈ ಕೆಲಸವನ್ನೇ ಹಾರ್‌ಫಿಷ್ ಮಾಡುತ್ತದೆ.

ಫಲಿತಾಂಶ ನೋಡಿ ಖುಷಿಯಾಯಿತು. ಚಲಿಸುವ ಸರಾಸರಿ (ಅಕ್ಕಪಕ್ಕದ ಕೆಲವು ಎಣಿಕೆಗಳ ಸರಾಸರಿ) ಹಾಕಿದಾಗ ಮ್ಯಾಂಟಲ್ ಇಟ್ಟ ಜಾಗ ಇಳಿಜಾರಿನಂತೆ ಕಾಣುತ್ತಿತ್ತು. ಹಾರ್‌ಫಿಷ್‌ನಲ್ಲಿ ಗೋಡೆಯಂತೆ ನೆಟ್ಟಗೆ ಎದ್ದಿತು.

ಒಂದು ಮಾತು ನೆನಪಿರಲಿ. ಸಾಲಿನ ಉದ್ದ 512, 1024 ಹೀಗೆ 2ರ ಘಾತವೇ ಆಗಿರಬೇಕು, 1000 ನಡೆಯುವುದಿಲ್ಲ. ಅಳತೆಗೆ ಕೂರುವ ಮುಂಚೆಯೇ ಲೆಕ್ಕ ಹಾಕಿಕೊಳ್ಳಿ. ಪ್ಯಾಕೇಜ್‌ಗೆ ದುಡ್ಡೇನೂ ಕೊಡಬೇಕಿಲ್ಲ.