ವಾಲ್ಬ್ರೊ 255 ಫ್ಯೂಯೆಲ್ ಪಂಪ್: ಎರಡು ವರ್ಷಗಳ ಬಳಕೆ ಮತ್ತು ಒತ್ತಡದ ತಕರಾರುಗಳು

ಗಂಟೆಗೆ 255 ಲೀಟರ್ ಹರಿವಿನ ವಾಲ್ಬ್ರೊ ಪಂಪನ್ನು ನನ್ನ ಹಳೆಯ 1.6 ಲೀಟರ್ ಪೆಟ್ರೋಲ್ ಸೆಡಾನಿನ ಟ್ಯಾಂಕಿನೊಳಗೆ ಕೂರಿಸಿ ಎರಡು ವರ್ಷ ದಾಟಿದೆ. ಪಂಪಿನ ಬಗ್ಗೆ ನನ್ನ ದೂರೇನೂ ಇಲ್ಲ. ಆದರೂ ಅದನ್ನು ಹಾಕಿಸಿದ ಮೊದಲ ಕೆಲವು ತಿಂಗಳು ಇಂಧನದ ಒತ್ತಡ ಇರಬೇಕಾದ ಮಟ್ಟದಲ್ಲಿ ನಿಲ್ಲಲೇ ಇಲ್ಲ. ಮೊದಲು ತೀರಾ ಕಡಿಮೆಯಾಯಿತು, ಅದನ್ನು ಸರಿಪಡಿಸಿದ ಮೇಲೆ ಅತಿಯಾಯಿತು. ಆದ್ದರಿಂದ ಈ ವಿಮರ್ಶೆಯ ಬಹುಪಾಲು ಪಂಪಿಗಿಂತ ಹೆಚ್ಚಾಗಿ ಅದರ ಸುತ್ತಲಿನ ವೈರು, ಪೈಪು ಮತ್ತು ರೆಗ್ಯುಲೇಟರ್ ಕುರಿತದ್ದಾಗಿದೆ.

ಕಾರಿಗೆ 0.5 ಬಾರ್ ಬೂಸ್ಟ್ (ಎಂಜಿನ್ನಿಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ; ಬಾರ್ ಎಂಬುದು ಒತ್ತಡದ ಅಳತೆ) ಕೊಡುವ ಟರ್ಬೊ ಮತ್ತು ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ದೊಡ್ಡ ಇಂಜೆಕ್ಟರುಗಳನ್ನು ಅಳವಡಿಸಲಾಗಿದೆ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ರೇಲಿನ ತುದಿಯಲ್ಲಿ ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರ್ ಇದ್ದು, ಮಿಕ್ಕ ಪೆಟ್ರೋಲ್ ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಮೂಲ ಒತ್ತಡ 3 ಬಾರ್. ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಹೋಸಿನ ಮೂಲಕ ರೆಗ್ಯುಲೇಟರ್ ಈ ಒತ್ತಡವನ್ನು ಏರಿಳಿಸುವುದರಿಂದ, ಐಡ್ಲಿಂಗಿನಲ್ಲಿ ಗೇಜ್ ಸುಮಾರು 2.4 ಬಾರ್ ತೋರಿಸಬೇಕು, ಪೂರ್ಣ ಬೂಸ್ಟಿನಲ್ಲಿ 3.5 ಬಾರ್ ತೋರಿಸಬೇಕು. ರಿಟರ್ನ್ ಪೈಪ್ ಇಲ್ಲದ ಹೊಸ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುತ್ತದೆಯಾದ್ದರಿಂದ ಮುಂದಿನ ಲೆಕ್ಕವನ್ನು ಅವುಗಳಿಗೆ ಹಾಗೆಯೇ ಅನ್ವಯಿಸಲಾಗದು.

ಮೊದಲ ತಕರಾರು ಬೂಸ್ಟಿನಲ್ಲಿ ಕಾಣಿಸಿತು. 5000 ಆರ್‌ಪಿಎಂ ದಾಟುತ್ತಿದ್ದಂತೆ ಒತ್ತಡ 3.5ರಿಂದ 2.8 ಬಾರ್‌ಗೆ ಜಾರುತ್ತಿತ್ತು. ಇಂಜೆಕ್ಟರಿನ ಹರಿವು ರೇಲು ಮತ್ತು ಮ್ಯಾನಿಫೋಲ್ಡಿನ ನಡುವಿನ ಒತ್ತಡ ವ್ಯತ್ಯಾಸದ (ಇಲ್ಲಿ 3 ಬಾರ್ ಇರಬೇಕಾದಲ್ಲಿ 2.3) ವರ್ಗಮೂಲವನ್ನು ಅನುಸರಿಸುವುದರಿಂದ, ಇದರ ಅರ್ಥ ಎಂಜಿನ್ನಿಗೆ ಶೇಕಡಾ 12ರಷ್ಟು ಪೆಟ್ರೋಲ್ ಕಡಿಮೆ ಸಿಗುತ್ತಿತ್ತು ಎಂದು. ಟರ್ಬೊ ಎಂಜಿನ್ನಿನಲ್ಲಿ ಇಷ್ಟು ಕೊರತೆ ಪಿಸ್ಟನ್ ಕರಗಿಸುವುದಕ್ಕೂ ಸಾಕಾಗಬಹುದು. ಗ್ಯಾರೇಜಿನಲ್ಲಿ ಸಿಕ್ಕ ತತ್‌ಕ್ಷಣದ ಸಲಹೆ, ಪಂಪ್ ನಕಲಿ ಇರಬೇಕು, ಇನ್ನೂ ದೊಡ್ಡದನ್ನು ಹಾಕಿ ಎಂಬುದಾಗಿತ್ತು.

ಲೆಕ್ಕ ಬೇರೆಯದನ್ನೇ ಹೇಳುತ್ತಿತ್ತು. ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕಿಲೋ ಪೆಟ್ರೋಲ್ ಬೇಡುತ್ತದೆ ಎಂದು ಹಿಡಿದರೂ, ನನ್ನ ಕಾರಿನ 180 ಅಶ್ವಶಕ್ತಿಗೆ ಬೇಕಾಗುವುದು ಗಂಟೆಗೆ 66 ಲೀಟರ್ ಆಸುಪಾಸು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಇನ್ನೊಂದಿಷ್ಟು ಸೇರಿಸಿದರೂ 75 ಲೀಟರ್ ದಾಟದು. 255 ಲೀಟರಿನ ಪಂಪ್ ಅರ್ಧ ಸಾಮರ್ಥ್ಯದಲ್ಲಿ ತಿರುಗಿದರೂ ಇದನ್ನು ಪೂರೈಸಬೇಕು. ಹಾಗಿದ್ದೂ ಒತ್ತಡ ಬೀಳುತ್ತಿದೆಯೆಂದರೆ, ಪಂಪಿಗೆ ಸೇರಬೇಕಾದದ್ದು ಸೇರುತ್ತಿಲ್ಲ, ಅಥವಾ ಪಂಪ್ ಕೊಟ್ಟದ್ದು ರೇಲಿಗೆ ತಲುಪುತ್ತಿಲ್ಲ. ನನ್ನ ಕಾರಿನಲ್ಲಿ ಎರಡೂ ಇದ್ದವು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಇದ್ದರೆ ಪಂಪಿನ ಕನೆಕ್ಟರಿನಲ್ಲಿ ಕೇವಲ 10.2 ವೋಲ್ಟ್ ಇತ್ತು. ಈ ಅಳತೆಯನ್ನು ಪಂಪ್ ಓಡುತ್ತಿರುವಾಗಲೇ, ಕನೆಕ್ಟರ್ ಕಳಚದೆ ಮಾಡಬೇಕು. ಕಳಚಿದ ಕನೆಕ್ಟರಿನಲ್ಲಿ ಕರೆಂಟ್ ಹರಿಯದಿರುವುದರಿಂದ ಮೀಟರ್ ಯಾವಾಗಲೂ ಪೂರ್ಣ ವೋಲ್ಟೇಜ್ ತೋರಿಸುತ್ತದೆ ಮತ್ತು ದೋಷ ಅಡಗಿಯೇ ಉಳಿಯುತ್ತದೆ. ಧನ ಮತ್ತು ಋಣ ಬದಿಗಳನ್ನು ಪ್ರತ್ಯೇಕವಾಗಿ ನೋಡಿದಾಗ ಧನ ವೈರಿನಲ್ಲಿ 2.6, ಅರ್ಥಿಂಗಿನಲ್ಲಿ 1.3 ವೋಲ್ಟ್ ಸೋರಿಹೋಗುತ್ತಿರುವುದು ತಿಳಿಯಿತು. ಅರ್ಥಿಂಗಿನ ಪಾಲನ್ನು ಅಳೆಯುವವರು ಕಡಿಮೆ. ಮೂಲ ಪಂಪಿಗಿಂತ ಬಹಳ ಹೆಚ್ಚು ಕರೆಂಟ್ ಎಳೆಯುವ ಈ ಪಂಪಿಗೆ ಇಪ್ಪತ್ತು ವರ್ಷ ಹಳೆಯ ತೆಳು ವೈರು ಸಾಲುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ರಿಲೇ (ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್), 4 ಚದರ ಮಿಲಿಮೀಟರ್ ತಾಮ್ರದ ವೈರು, ಬ್ಯಾಟರಿಗೆ ಹತ್ತಿರದಲ್ಲೇ 20 ಆಂಪಿಯರ್ ಫ್ಯೂಸ್ ಮತ್ತು ಬಾಡಿಯ ಬಣ್ಣ ಕೆರೆದು ಬಿಗಿದ ಹೊಸ ಅರ್ಥಿಂಗ್, ಇವಿಷ್ಟರಿಂದ ಪಂಪಿಗೆ 13.6 ವೋಲ್ಟ್ ಸಿಕ್ಕಿತು. ರಿಲೇಯನ್ನು ಚಾಲೂ ಮಾಡುವ ಸಂಕೇತವನ್ನು ಹಳೆಯ ಪಂಪ್ ವೈರಿನಿಂದಲೇ ತೆಗೆದುಕೊಳ್ಳಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಹಾಗೆ ಮಾಡಿದರೆ ಎಂಜಿನ್ ನಿಂತಾಗ ಅದನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಪಂಪನ್ನೂ ನಿಲ್ಲಿಸುತ್ತದೆ. ಕೆಲವರು ಹಾಕಿಸುವಂತೆ ನೇರ ಸ್ವಿಚ್ ಇದ್ದರೆ ಅಪಘಾತದಲ್ಲಿ ಪೈಪ್ ತುಂಡಾದರೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಇದಾದ ಮೇಲೂ ಒತ್ತಡ 3.2 ಬಾರ್‌ಗೆ ಇಳಿಯುತ್ತಿತ್ತು. ಫಿಲ್ಟರ್ ಹೊಸದಾಗಿತ್ತು. ಇನ್ನೊಂದು ಸುಳಿವೆಂದರೆ, ಎಂಜಿನ್ ಆರಿಸಿದ ಕೆಲವೇ ಕ್ಷಣಗಳಲ್ಲಿ ಗೇಜಿನ ಮುಳ್ಳು ಸೊನ್ನೆಗೆ ಬರುತ್ತಿತ್ತು ಮತ್ತು ಬೆಳಿಗ್ಗೆ ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾಗುತ್ತಿತ್ತು. ರಿಟರ್ನ್ ಹೋಸನ್ನು ಒತ್ತಿ ಹಿಡಿದರೂ ಮುಳ್ಳು ಬಿದ್ದದ್ದರಿಂದ ರೆಗ್ಯುಲೇಟರ್ ಮೇಲಿನ ಅನುಮಾನ ಹೋಯಿತು. ಟ್ಯಾಂಕಿಗೆ ಹತ್ತಿರದ ಫೀಡ್ ಹೋಸನ್ನು ಒತ್ತಿದಾಗ ಮುಳ್ಳು ನಿಂತದ್ದರಿಂದ ಇಂಜೆಕ್ಟರುಗಳ ಮೇಲಿನದೂ ಹೋಯಿತು. ಸೋರಿಕೆ ಟ್ಯಾಂಕಿನೊಳಗೇ ಇತ್ತು. ಪಂಪಿನಿಂದ ಟ್ಯಾಂಕಿನ ಮುಚ್ಚಳದ ಪೈಪಿಗೆ ಹೋಗುವ ಗೇಣುದ್ದದ ಹೋಸನ್ನು ಪಂಪ್ ಕೂರಿಸಿದವರು ಬಾನೆಟ್ಟಿನಡಿ ಬಳಸುವ ಸಾಮಾನ್ಯ ಇಂಧನ ಹೋಸಿನಿಂದ ಮಾಡಿದ್ದರು. ಅಂಥ ಹೋಸು ಒಳಗಿನಿಂದ ಪೆಟ್ರೋಲನ್ನು ತಡೆದುಕೊಳ್ಳುತ್ತದೆ, ಹೊರಗಿನಿಂದ ಮುಳುಗಿರುವುದನ್ನು ತಡೆದುಕೊಳ್ಳುವುದಿಲ್ಲ. ಅದು ಊದಿಕೊಂಡು ಕ್ಲಿಪ್ಪಿನ ಬಳಿ ಮೆತ್ತಗಾಗಿತ್ತು. ಒತ್ತಡ ಏರಿದಷ್ಟೂ ಅಲ್ಲಿ ಬಾಯಿಬಿಡುತ್ತಿತ್ತು. ಮುಳುಗಡೆಗೆಂದೇ ತಯಾರಾದ ಎಸ್‌ಎಇ 30ಆರ್10 ದರ್ಜೆಯ ಹೋಸ್ ಹಾಕಿದ ಮೇಲೆ ಬೂಸ್ಟಿನಲ್ಲಿ 3.5 ಬಾರ್ ಕದಲದೆ ನಿಂತಿತು. ಈ ದರ್ಜೆಯ ಹೋಸ್ ದುಬಾರಿ, ಅದನ್ನು ಬಿಡಿಯಾಗಿ ಮಾರುವ ಅಂಗಡಿಗಳೂ ವಿರಳ; ಚೌಕಾಶಿ ಮಾಡುವ ಜಾಗ ಮಾತ್ರ ಇದಲ್ಲ.

ಎರಡನೆಯ ತಕರಾರು ಇಲ್ಲಿಂದ ಹುಟ್ಟಿತು. ಪಂಪಿಗೆ ಪೂರ್ಣ ವೋಲ್ಟೇಜ್ ಸಿಕ್ಕಿ ಸೋರಿಕೆಯೂ ನಿಂತ ಕೂಡಲೇ ಐಡ್ಲಿಂಗಿನಲ್ಲಿ ಒತ್ತಡ 3.3 ಬಾರ್‌ಗೆ ಏರಿತು. ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ ಬಂತು, ಇಸಿಯು ಶೇಕಡಾ 14ರಷ್ಟು ಇಂಧನವನ್ನು ಕಡಿತ ಮಾಡುತ್ತಿತ್ತು. ಐಡ್ಲಿಂಗಿನಲ್ಲಿ ಎಂಜಿನ್ ಕುಡಿಯುವುದು ಗಂಟೆಗೆ ಒಂದೆರಡು ಲೀಟರ್ ಮಾತ್ರ. ಉಳಿದದ್ದೆಲ್ಲ ಚಿಕ್ಕ ಪಂಪಿಗೆಂದು ರೂಪಿಸಿದ ರೆಗ್ಯುಲೇಟರಿನ ಕಿರಿದಾದ ರಂಧ್ರದ ಮೂಲಕವೇ ಹಿಂತಿರುಗಬೇಕು. ಪರೀಕ್ಷೆ ಸರಳವಾಗಿದೆ. ರೆಗ್ಯುಲೇಟರಿನ ಮ್ಯಾನಿಫೋಲ್ಡ್ ಹೋಸನ್ನು ತೆಗೆದಾಗ ಐಡ್ಲಿಂಗ್ ಒತ್ತಡ ಏರಬೇಕು. ತೆಗೆದರೂ ಹಾಕಿದರೂ ಒಂದೇ ಅಂಕಿ ಬಂದರೆ ರೆಗ್ಯುಲೇಟರಿನ ಹಿಡಿತ ತಪ್ಪಿದೆ ಎಂದೇ ತಿಳಿಯಬೇಕು. ಆ ಬಳಿಕ ರಿಟರ್ನನ್ನು ತಾತ್ಕಾಲಿಕವಾಗಿ ಲೋಹದ ಡಬ್ಬಿಗೆ ಬಿಟ್ಟು ನೋಡಬೇಕು. ಬಯಲಿನಲ್ಲಿ, ತಣ್ಣಗಿರುವ ಎಂಜಿನ್ನಿನಲ್ಲಿ, ಬೆಂಕಿ ನಂದಕವನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಮಾಡಬೇಕು. ಒತ್ತಡ ಇಳಿದರೆ ಅಡ್ಡಿ ಪೈಪಿನಲ್ಲಿದೆ, ಇಳಿಯದಿದ್ದರೆ ರೆಗ್ಯುಲೇಟರಿನಲ್ಲೇ ಇದೆ. ನನ್ನದರಲ್ಲಿ ಇಳಿಯಲಿಲ್ಲ. ದೊಡ್ಡ ರಂಧ್ರದ, ಹೊಂದಿಸಬಹುದಾದ ರೆಗ್ಯುಲೇಟರ್ ಹಾಕಿ, ಮ್ಯಾನಿಫೋಲ್ಡ್ ಹೋಸ್ ಕಳಚಿಟ್ಟು 3 ಬಾರ್‌ಗೆ ಹೊಂದಿಸಿದ ಮೇಲೆ ಐಡ್ಲಿಂಗ್ 2.4ಕ್ಕೆ ಬಂತು. ಗೇಜಿನ ಬಗ್ಗೆ ಒಂದು ಮಾತು: ದ್ರವ ತುಂಬಿದ ಗೇಜುಗಳು ಬಾನೆಟ್ಟಿನಡಿ ಕಾದಾಗ ನಿಜಕ್ಕಿಂತ ಕಡಿಮೆ ತೋರಿಸುತ್ತವೆ. ಬಿಸಿ ಗೇಜನ್ನು ನಂಬಿ ಸ್ಕ್ರೂ ತಿರುಗಿಸಬಾರದು.

ಆ ಬಳಿಕ ಒತ್ತಡದ ಅಂಕಿಗಳು ಬದಲಾಗಿಲ್ಲ. ಉಳಿದಿರುವ ಕೊರತೆಗಳನ್ನೂ ಹೇಳಬೇಕು. ಹಿಂದಿನ ಸೀಟಿನಲ್ಲಿ ಕೂತವರಿಗೆ ಪಂಪಿನ ಗುಂಯ್ ಸದ್ದು ಕೇಳಿಸುತ್ತದೆ. ಮರಳಿ ಬರುವ ಪೆಟ್ರೋಲ್ ಎಂಜಿನ್ನಿನ ಶಾಖವನ್ನು ಹೊತ್ತು ತರುವುದರಿಂದ, ಬೇಸಿಗೆಯಲ್ಲಿ ಬಳ್ಳಾರಿ ಕಡೆಗೆ ಹೋದಾಗ ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿದ್ದರೆ ಸದ್ದು ಇನ್ನೂ ಜೋರಾಗುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿಯೂ ಅಷ್ಟೇ ಕಡಿಮೆ ಪೆಟ್ರೋಲ್ ಇದ್ದಾಗ ಮುಳ್ಳು ಕ್ಷಣಕಾಲ ನಡುಗುತ್ತದೆ. ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುವುದೇ ಅದಕ್ಕೆ ಕಾರಣ, ಒತ್ತಡ ವ್ಯವಸ್ಥೆಯ ದೋಷವಲ್ಲ. ಅರ್ಧ ಟ್ಯಾಂಕ್ ಇಟ್ಟುಕೊಂಡರೆ ಎರಡೂ ಇಲ್ಲ.

ನನ್ನ ಕಾರಿನಷ್ಟೇ ಶಕ್ತಿ ಇರುವವರಿಗೆ ಇದೇ ಕಂಪನಿಯ 190 ಲೀಟರಿನ ಪಂಪ್ ಸಾಕು. ಅದರೊಂದಿಗೆ ಮೂಲ ರೆಗ್ಯುಲೇಟರ್ ಉಳಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು. 255 ಬೇಕೇ ಬೇಕು ಎನ್ನುವಷ್ಟು ಬೂಸ್ಟ್ ಇರುವವರು ಪಂಪಿನ ಬೆಲೆಯ ಜೊತೆಗೆ ರಿಲೇ, ವೈರು, ಮುಳುಗಡೆ ಹೋಸ್ ಮತ್ತು ರೆಗ್ಯುಲೇಟರಿನ ಬೆಲೆಯನ್ನೂ ಮೊದಲೇ ಕೂಡಿಸಿ ನೋಡಲಿ. ಈ ಪಂಪಿನ ನಕಲುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿರುವುದರಿಂದ, ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳದಿರುವುದು ಒಳ್ಳೆಯದು.