ಫೋನಿಗೆ ಬರುವ ವೈಫೈ ಲ್ಯಾಪ್‌ಟಾಪ್‌ಗೆ ಬರದಿದ್ದರೆ: ಡಿಎನ್‌ಎಸ್, ರೀಸೆಟ್, ಕೇಬಲ್, ಡಾಂಗಲ್

ಮನೆಯಲ್ಲಿ ಫೋನು, ಟಿವಿ ಎಲ್ಲ ವೈಫೈನಲ್ಲಿ ಆರಾಮಾಗಿ ಓಡುತ್ತಿರುತ್ತವೆ. ಹಳೇ ಲ್ಯಾಪ್‌ಟಾಪ್ ಮಾತ್ರ ‘ನೋ ಇಂಟರ್ನೆಟ್’ ಅಂತ ಮುಖ ತಿರುಗಿಸುತ್ತದೆ. ಆಗ ಕೇಳಿದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಅವುಗಳಲ್ಲಿ ನಾಲ್ಕನ್ನು ನಮ್ಮ ಮನೆಯ ವಿಂಡೋಸ್ 10 ಲ್ಯಾಪ್‌ಟಾಪ್ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ರೂಟರ್ ಆಫ್ ಮಾಡಿ ಆನ್ ಮಾಡುವುದನ್ನು ಸೇರಿಸಿಲ್ಲ, ಅದನ್ನು ನೀವು ಹೇಗೂ ಮಾಡಿರುತ್ತೀರಿ ಅಲ್ವಾ.

ಎಲ್ಲಕ್ಕಿಂತ ಸುಲಭ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸುವುದು. ಗೂಗಲ್‌ನ 8.8.8.8 ಇದೆ, ಕ್ಲೌಡ್‌ಫ್ಲೇರ್‌ನ 1.1.1.1 ಇದೆ, ಎರಡೂ ಪುಕ್ಕಟೆ. ಎರಡರ ಮಧ್ಯೆ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ. ಆದರೆ ಇದು ಒಂದೇ ಒಂದು ಕಾಯಿಲೆಗೆ ಮದ್ದು. ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8ಕ್ಕೆ ಪಿಂಗ್ ಕೊಟ್ಟು, ಅಂದರೆ ping 8.8.8.8 ಅಂತ ಟೈಪ್ ಮಾಡಿ, ಆ ಕಡೆಯಿಂದ ಉತ್ತರ ಬರುತ್ತದಾ ನೋಡಿ. ಉತ್ತರ ಬಂದರೂ ವೆಬ್‌ಸೈಟ್ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಬಹುದು. ಉತ್ತರವೇ ಬರದಿದ್ದರೆ ಸುಮ್ನೆ ಟೈಮ್ ವೇಸ್ಟ್. ನನಗೆ ಬರಲಿಲ್ಲ.

ನೆಟ್‌ವರ್ಕ್ ರೀಸೆಟ್ (ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಮೊದಲಿನಂತೆ ಮಾಡುವುದು) ಇದಕ್ಕಿಂತ ಜೋರಾದ ಮದ್ದು, ಅಡ್ಡಪರಿಣಾಮವೂ ಜಾಸ್ತಿ. ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಮತ್ತೆ ಹಾಕಬೇಕು, ಆಫೀಸಿನ ವಿಪಿಎನ್ ಇದ್ದರೆ ಅದನ್ನೂ ಮತ್ತೆ ಸೆಟ್ ಮಾಡಬೇಕಾಗಬಹುದು. ಮಾಡಿದೆ, ನೆಟ್ ಬಂತು. ಕೆಲವು ದಿನ ಕಳೆದ ಮೇಲೆ ಮತ್ತೆ ಅದೇ ಕಥೆ. ಹಾಗಾಗಿ ಇದಕ್ಕೆ ನಾನು ಕೊಡುವುದು ಕೊನೆಯ ಸ್ಥಾನ.

ನಾಲ್ಕರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಹಾಕುವ ಲ್ಯಾನ್ ಕೇಬಲ್. ಸ್ಪೀಡ್ ಚೆನ್ನಾಗಿರುತ್ತದೆ ಅನ್ನುವುದಕ್ಕಿಂತ, ತಪ್ಪು ಯಾರದು ಅಂತ ಅದು ಹೇಳಿಬಿಡುತ್ತದೆ. ಕೇಬಲ್ ಹಾಕುವ ಮುಂಚೆ ಲ್ಯಾಪ್‌ಟಾಪ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಅಂಕಿ) ನೋಡಿದೆ: 169.254 ಅಂತ ಶುರುವಾಗುತ್ತಿತ್ತು. ಅಂದರೆ ರೂಟರ್‌ನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ. ಕೇಬಲ್ ಟಕ್ ಅಂತ ಕೂರಿಸಿದೆ, ಪೋರ್ಟ್ ಪಕ್ಕದ ದೀಪ ಮಿನುಗಿತು, ವಿಳಾಸ 192.168.1.7 ಆಯಿತು, ನೆಟ್ ಬಂತು. ರೂಟರ್ ಸರಿಯಿದೆ, ಲೈನೂ ಸರಿಯಿದೆ. ತೊಂದರೆ ಇರುವುದು ವೈಫೈ ಕಡೆ ಅಂತ ಅಲ್ಲೇ ಗೊತ್ತಾಯಿತು. ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಮನೆಗೆ ಧಾರಾಳ. ಆದರೆ ಹಾಲ್‌ನಿಂದ ರೂಮಿಗೆ ಎಳೆದ ತಂತಿಯನ್ನು ಮನೆಮಂದಿಯೆಲ್ಲ ಎಡವುತ್ತಾರೆ. ತೆಳ್ಳಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಂತೂ ಎಷ್ಟೋ ಸಲ ಪೋರ್ಟೇ ಇರುವುದಿಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು.

ಕೊನೆಗೆ ಉಳಿಸಿಕೊಂಡಿದ್ದು ಯುಎಸ್‌ಬಿ ವೈಫೈ ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ ವೈಫೈ ಹಿಡಿಯುವ ಸಾಧನ. ಇದರಲ್ಲಿ ಎರಡು ಥರ. ಬೆರಳಿನ ಉಗುರಿನಷ್ಟು ಪುಟ್ಟದು ಅಗ್ಗ, ಆದರೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗದ ವೈಫೈ ಮಾತ್ರ ಹಿಡಿಯುತ್ತದೆ. 2.4, 5 ಎರಡನ್ನೂ ಹಿಡಿಯುವ ಡ್ಯುಯಲ್ ಬ್ಯಾಂಡ್‌ಗೆ ಸ್ವಲ್ಪ ಜಾಸ್ತಿ ಕೊಡಬೇಕು, ಕೊಡಿ. ನಮ್ಮ ಲ್ಯಾಪ್‌ಟಾಪ್‌ನ ಒಳಗಿನ ಕಾರ್ಡ್ 2.4ರದ್ದು, ಹಾಗಾಗಿ ಹೆಸರಿನ ಕೊನೆಯಲ್ಲಿ ‘5ಜಿ’ ಅಂತಿರುವ ನಮ್ಮ ವೈಫೈ ಅದಕ್ಕೆ ಕಾಣುತ್ತಲೇ ಇರಲಿಲ್ಲ. (ಈ 5ಜಿಗೂ ಸಿಮ್ ಕಾರ್ಡಿನ 5ಜಿಗೂ ಸಂಬಂಧವಿಲ್ಲ, ಇದು 5 ಗಿಗಾಹರ್ಟ್ಸ್ ಅಷ್ಟೇ.) ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್ ಎಲ್ಲ 2.4ರಲ್ಲೇ ನುಗ್ಗಾಡುತ್ತವೆ. 5ರಲ್ಲಿ ಗಲಾಟೆ ಕಡಿಮೆ, ಸ್ಪೀಡ್ ಜಾಸ್ತಿ. ಆದರೆ ಗೋಡೆ ದಾಟುವುದರಲ್ಲಿ ಅದು ಸೋಲುತ್ತದೆ. ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ ಎರಡು ಕಾಂಕ್ರೀಟ್ ಗೋಡೆ ಇದ್ದರೆ 2.4 ಡಾಂಗಲೇ ವಾಸಿ. ಅದನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ಗೆ ನೇರ ಚುಚ್ಚಬೇಡಿ. ಅಲ್ಲಿನ ಗದ್ದಲ 2.4ರ ಸಿಗ್ನಲ್‌ಗೆ ಅಡ್ಡ ಬರುತ್ತದೆ. ಪುಟ್ಟ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ಇಡಿ.

ಡಾಂಗಲ್‌ನ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಡಾಂಗಲ್ ಬೇಕು ಅನ್ನುವ ಇಕ್ಕಟ್ಟು ಬರಬಹುದು. ಆಗ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನು ವೈಫೈನಲ್ಲಿದ್ದರೆ ಆ ವೈಫೈಯೇ ಲ್ಯಾಪ್‌ಟಾಪ್‌ಗೂ ಹರಿಯುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಡಾಂಗಲ್ ಓಡತೊಡಗಿದ ಮೇಲೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಒಳಗಿನ ಹಳೇ ವೈಫೈ ಕಾರ್ಡನ್ನು ಡಿಸೇಬಲ್ ಮಾಡಿಬಿಡಿ. ಇಲ್ಲದಿದ್ದರೆ ಪಟ್ಟಿಯಲ್ಲಿ ವೈಫೈ, ವೈಫೈ 2 ಅಂತ ಎರಡೆರಡು ಕಾಣಿಸಿ, ಯಾವುದರಲ್ಲಿ ಕನೆಕ್ಟ್ ಆಗಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ.