ಬೇರ್ ಆಕ್ಟ್, ದಪ್ಪ ಪುಸ್ತಕ, ಗೈಡ್: ಎಲ್ಎಲ್‌ಬಿಗೆ ನಾನು ಕೊಂಡು ಓದಿ ನೋಡಿದ್ದು

ಪಿಯುಸಿವರೆಗೂ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬಿಎ ಮುಗಿಸಿ ಮೂರು ವರ್ಷದ ಎಲ್ಎಲ್‌ಬಿ ಸೇರಿದಾಗ ಮೊದಲ ಸೆಮಿಸ್ಟರಿನಲ್ಲೇ ಕಂಗಾಲಾದೆ, ಯಾಕಂದ್ರೆ ಒಬ್ಬೊಬ್ಬರು ಒಂದೊಂದು ಪುಸ್ತಕ ಹೇಳಿದರು. ಸೀನಿಯರ್‌ಗಳು ಗೈಡ್ ಸಾಕು ಅಂದರು. ಮೇಷ್ಟ್ರು ದಪ್ಪ ಪುಸ್ತಕ ಓದಿ ಅಂದರು. ಕೊನೆಗೆ ಬೇರ್ ಆಕ್ಟ್ (ವಿವರಣೆ ಇಲ್ಲದ, ಕಾಯ್ದೆಯ ಮೂಲ ಪಠ್ಯ ಮಾತ್ರ), ದಪ್ಪ ಪುಸ್ತಕ, ಗೈಡ್, ಕನ್ನಡ ಪುಸ್ತಕ ನಾಲ್ಕೂ ಬಗೆ ಕೊಂಡೆ, ಕೆಲವು ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ, ಕೆಲವು ಹೊಸದು. ಈಗ ಒಬ್ಬ ವಕೀಲರ ಆಫೀಸಿನಲ್ಲಿ ಜೂನಿಯರ್ ಆಗಿದ್ದೇನೆ. ಆ ದುಡ್ಡಿನಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಈಗ ಸ್ಪಷ್ಟವಾಗಿ ಹೇಳಬಲ್ಲೆ.

ಒಂದೇ ವಿಷಯ ತೆಗೆದುಕೊಂಡು ಹೋಲಿಸೋಣ. ಅಪ್ರಾಪ್ತ ವಯಸ್ಕ ಮಾಡಿಕೊಂಡ ಕರಾರು. ಪರೀಕ್ಷೆಗೆ ಪದೇ ಪದೇ ಬರುವ ಪ್ರಶ್ನೆ ಇದು.

ಗೈಡ್ ತೆರೆದರೆ ಮೂರೇ ಸಾಲು. ಅಂಥ ಕರಾರು ಶೂನ್ಯ (ಕಾನೂನಿನಲ್ಲಿ ಅದಕ್ಕೆ ಬೆಲೆಯೇ ಇಲ್ಲ), 1903ರ ಮೊಹೊರಿ ಬೀಬಿ ಪ್ರಕರಣ, ಮುಗೀತು. ಬಾಯಿಪಾಠ ಮಾಡೋಕೆ ಸುಲಭ, ನಾನೂ ಹಾಗೇ ಮಾಡಿದೆ. ಆದರೆ ಇಂಟರ್ನಲ್ ಪರೀಕ್ಷೆಯಲ್ಲಿ ಸಮಸ್ಯೆ ಕೊಟ್ಟರು: ಹದಿನೇಳು ವರ್ಷದ ಹುಡುಗನಿಗೆ ಅಂಗಡಿಯವನು ಅಕ್ಕಿ, ಬಟ್ಟೆ ಸಾಲ ಕೊಟ್ಟಿದ್ದಾನೆ, ದುಡ್ಡು ವಾಪಸ್ ಸಿಗುತ್ತಾ? ಕರಾರು ಶೂನ್ಯ, ಸಿಗಲ್ಲ ಅಂತ ಬರೆದುಬಿಟ್ಟೆ. ತಪ್ಪು.

ಆಮೇಲೆ ಬೇರ್ ಆಕ್ಟ್ ತೆಗೆದೆ. 1872ರ ಭಾರತೀಯ ಕರಾರು ಅಧಿನಿಯಮದ ಕಲಂ 11 ಯಾರಿಗೆ ಕರಾರು ಮಾಡುವ ಅರ್ಹತೆ ಇದೆ ಅಂತ ಮಾತ್ರ ಹೇಳುತ್ತದೆ. ಅರ್ಹತೆ ಇಲ್ಲದವರು ಮಾಡಿದರೆ ಏನಾಗುತ್ತದೆ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೇ, ಮೊಹೊರಿ ಬೀಬಿ ಪ್ರಕರಣ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್‌ವರೆಗೆ ಯಾಕೆ ಹೋಯಿತು ಅಂತ ನನಗೆ ತಿಳಿದದ್ದು. ಪುಟ ತಿರುಗಿಸುತ್ತಾ ಕಲಂ 68 ಸಿಕ್ಕಿತು. ಜೀವನಕ್ಕೆ ಬೇಕಾದ ವಸ್ತು ಕೊಟ್ಟವನಿಗೆ ಆ ಹುಡುಗನ ಆಸ್ತಿಯಿಂದ ಹಣ ಸಿಗುತ್ತದೆ. ಹುಡುಗನೇ ಸ್ವತಃ ಹೊಣೆ ಅಲ್ಲ, ಅವನ ಆಸ್ತಿ ಮಾತ್ರ. ಗೈಡ್‌ನಲ್ಲೂ ಇದು ಇತ್ತು, ಆದರೆ ಬೇರೆ ಯೂನಿಟ್‌ನಲ್ಲಿ. ಎರಡನ್ನೂ ಜೋಡಿಸಿಕೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ.

ಇನ್ನು ದಪ್ಪ ಪುಸ್ತಕ. ಅದರಲ್ಲಿ ಆ ಪ್ರಕರಣದ ಕಥೆಯೇ ಇತ್ತು. ಧರ್ಮದಾಸ್ ಘೋಷ್ ಅನ್ನುವ ಹುಡುಗ ವಯಸ್ಸಿಗೆ ಬರುವ ಮುಂಚೆ ಬಡ್ಡಿ ವ್ಯಾಪಾರಿಗೆ ಮನೆ ಅಡಮಾನ ಮಾಡಿದ್ದು, ಅವನು ಅಪ್ರಾಪ್ತ ವಯಸ್ಕ ಅನ್ನೋದು ಆ ವ್ಯಾಪಾರಿಯ ಏಜೆಂಟನಿಗೆ ಮೊದಲೇ ಗೊತ್ತಿದ್ದದ್ದು, ಕೊಟ್ಟ ಸಾಲ ವಾಪಸ್ ಕೊಡಿಸಿ ಅಂದರೂ ನ್ಯಾಯಾಲಯ ಒಪ್ಪದೇ ಇದ್ದದ್ದು. ಒಮ್ಮೆ ಓದಿದೆ, ಇವತ್ತಿಗೂ ಮರೆತಿಲ್ಲ. ಆದರೆ ಇಡೀ ಪುಸ್ತಕ ಓದಲು ಯಾರಿಂದಲೂ ಆಗಲ್ಲ, ಅದರಲ್ಲೂ ಇಂಗ್ಲಿಷ್ ಹೊಸದಾಗಿದ್ದವರಿಗೆ. ಒಂದು ಸೆಮಿಸ್ಟರಿಗೆ ಐದು ವಿಷಯ ಇರುತ್ತವೆ. ನಾನು ಪ್ರತಿ ವಿಷಯದಲ್ಲಿ ಹತ್ತು ಮುಖ್ಯ ತೀರ್ಪುಗಳನ್ನು ಮಾತ್ರ ಅದರಲ್ಲಿ ಓದಿದೆ, ಮಿಕ್ಕದ್ದನ್ನು ಬಿಟ್ಟೆ. ಇದಕ್ಕೆ ಕೊಳ್ಳುವ ಅಗತ್ಯವೂ ಇಲ್ಲ, ಕಾಲೇಜ್ ಲೈಬ್ರರಿಯಲ್ಲಿ ಕೂತು ಓದಿದರೆ ಆಯಿತು.

ಕನ್ನಡ ಪುಸ್ತಕಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದ್ರೆ ನನ್ನಂಥವರು ಮೊದಲು ಹುಡುಕೋದೇ ಅದನ್ನು. ನಮ್ಮ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಇರುತ್ತದೆ, ಉತ್ತರವನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು. ಹಾಗಾಗಿ ಕನ್ನಡ ಪುಸ್ತಕ ಬೇಕೇ ಬೇಕು. ಆದರೆ ಅನುವಾದ ನೋಡಿ ಕೊಳ್ಳಿ. ಕಾನೂನಿನಲ್ಲಿ ಅಗ್ರಿಮೆಂಟ್ ಬೇರೆ, ಕಾಂಟ್ರಾಕ್ಟ್ (ಕಾನೂನಿನ ಮೂಲಕ ಜಾರಿ ಮಾಡಿಸಬಹುದಾದ ಅಗ್ರಿಮೆಂಟ್) ಬೇರೆ. ಒಂದನ್ನು ಒಪ್ಪಂದ, ಇನ್ನೊಂದನ್ನು ಕರಾರು ಅಂದರೆ "ಎಲ್ಲಾ ಕರಾರುಗಳೂ ಒಪ್ಪಂದಗಳೇ, ಆದರೆ ಎಲ್ಲಾ ಒಪ್ಪಂದಗಳೂ ಕರಾರುಗಳಲ್ಲ" ಅನ್ನೋ ಮಾತು ಅರ್ಥವಾಗುತ್ತದೆ. ನಾನು ಕೊಂಡ ಒಂದು ಪುಸ್ತಕದಲ್ಲಿ ಎರಡಕ್ಕೂ ಒಪ್ಪಂದ ಅಂತಲೇ ಹಾಕಿದ್ದರು. ಆ ಸಾಲನ್ನು ಎಷ್ಟು ಸಲ ಓದಿದರೂ ತಲೆಗೆ ಹೋಗಲಿಲ್ಲ, ನನಗೇ ಅರ್ಥವಾಗ್ತಿಲ್ಲ ಅಂತ ಅತ್ತಿದ್ದೆ. ಅದೇ ಪುಸ್ತಕದಲ್ಲಿ ಕನ್ಸಿಡರೇಶನ್‌ಗೆ (ಕರಾರಿನಲ್ಲಿ ಒಬ್ಬರು ಮಾಡುವುದಕ್ಕೆ ಬದಲಾಗಿ ಇನ್ನೊಬ್ಬರು ಕೊಡುವುದು) "ಪರಿಗಣನೆ" ಅಂತಿತ್ತು, ಇರಬೇಕಾದ್ದು "ಪ್ರತಿಫಲ". ಇನ್ನೊಂದು ಕನ್ನಡ ಪುಸ್ತಕ ಪ್ರತಿ ಪದದ ಪಕ್ಕ ಇಂಗ್ಲಿಷ್ ಪದವನ್ನೂ ಕೊಟ್ಟಿತ್ತು. ಅದು ನನ್ನನ್ನು ಉಳಿಸಿತು. ಅಂಗಡಿಯಲ್ಲೇ ನಿಂತು ಕಾಂಟ್ರಾಕ್ಟ್, ಕನ್ಸಿಡರೇಶನ್ ಈ ಎರಡಕ್ಕೆ ಯಾವ ಪದ ಹಾಕಿದ್ದಾರೆ ಅಂತ ಹುಡುಕಿ ನೋಡಿ, ಪುಸ್ತಕ ಎಂಥದ್ದು ಅಂತ ಗೊತ್ತಾಗುತ್ತದೆ.

ಸಂವಿಧಾನದ ಕನ್ನಡ ಪಠ್ಯಕ್ಕಂತೂ ದುಡ್ಡು ಕೊಡಬೇಕಾಗಿಲ್ಲ, ಸರ್ಕಾರದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿವೆ.

ಹಳೇ ಪುಸ್ತಕ ಕೊಳ್ಳುವವರು ಒಂದು ವಿಷಯ ಗಮನಿಸಲೇಬೇಕು. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ), ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಕಾಯ್ದೆ ಮೂರರ ಜಾಗಕ್ಕೂ ಹೊಸ ಕಾನೂನು ಬಂದಿವೆ. ಐಪಿಸಿಯಲ್ಲಿ 511 ಕಲಂ ಇದ್ದವು, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 358. ಕೊಲೆಗೆ ಶಿಕ್ಷೆ ಹೇಳುವ 302 ಈಗ 103. ನಾನು "ಹೊಸ ಆವೃತ್ತಿ" ಅಂತ ರಟ್ಟಿನ ಮೇಲೆ ಬರೆದಿದ್ದ ಗೈಡ್ ಕೊಂಡೆ, ಮನೆಗೆ ಬಂದು ನೋಡಿದರೆ ಒಳಗೆಲ್ಲಾ ಹಳೇ ನಂಬರು, ಹಿಂದೆ ಒಂದು ಪಟ್ಟಿ ಸೇರಿಸಿದ್ದರು ಅಷ್ಟೇ. ಇದು ಸಣ್ಣ ವಿಷಯ ಅಲ್ಲ. ಹಳೇ ಸಿಆರ್‌ಪಿಸಿಯ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ (ನ್ಯಾಯ ಕಾಪಾಡಲು ಅದಕ್ಕೆ ತಾನಾಗಿಯೇ ಇರುವ ಅಧಿಕಾರ). ಸಿಆರ್‌ಪಿಸಿ ಬದಲು ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 482 ನಿರೀಕ್ಷಣಾ ಜಾಮೀನು! ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಹಾಗಂತ ಹಳೇ ಐಪಿಸಿ ಪುಸ್ತಕ ರದ್ದಿಗೆ ಹಾಕಬೇಡಿ. ಜುಲೈಗಿಂತ ಮುಂಚೆ ನಡೆದ ಅಪರಾಧಗಳ ಕೇಸುಗಳು ಇನ್ನೂ ಆ ಕಲಂಗಳಲ್ಲೇ ನಡೆಯುತ್ತಿವೆ. ನಮ್ಮ ಆಫೀಸಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇವೆ.

ಡ್ರಾಫ್ಟಿಂಗ್‌ಗೆ, ಅಂದರೆ ಕೋರ್ಟಿಗೆ ಹಾಕುವ ಕಾಗದ ಬರೆಯುವ ಕೆಲಸಕ್ಕೆ, ಬಂದರೆ ನನ್ನ ಅಭಿಪ್ರಾಯ ಪೂರ್ತಿ ಬೇರೆ. ನಮೂನೆಗಳ ದೊಡ್ಡ ಪುಸ್ತಕವೊಂದನ್ನು ದುಬಾರಿ ಬೆಲೆ ಕೊಟ್ಟು ತಂದಿದ್ದೆ. ಪರೀಕ್ಷೆಗೆ ಪರವಾಗಿಲ್ಲ. ಆದರೆ ಆಫೀಸಿನಲ್ಲಿ ಮೊದಲ ಸಲ ಇಂಜಂಕ್ಷನ್ (ತಡೆಯಾಜ್ಞೆ) ದಾವೆ ಬರೆಯಲು ಕೂತಾಗ ಅದರಿಂದ ಇಳಿಸಿಕೊಂಡದ್ದನ್ನು ನೋಡಿ ನಮ್ಮ ಸೀನಿಯರ್ ಮೇಡಂ ಕೇಳಿದ್ದು ಒಂದೇ ಮಾತು: "ಇದರಲ್ಲಿ ನಮ್ಮ ಕಕ್ಷಿದಾರನ ಜಮೀನು ಎಲ್ಲಿದೆಯಮ್ಮ?" ಚೆಕ್ಕುಬಂದಿ ಇಲ್ಲ, ದಾವೆಗೆ ಕಾರಣ ಯಾವ ದಿನ ಹುಟ್ಟಿತು ಅಂತ ಇಲ್ಲ. ಅವರು ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) ಆದೇಶ 7, ನಿಯಮ 1 ತೆಗೆದುಕೊಟ್ಟರು. ದಾವೆಯಲ್ಲಿ ಏನೇನು ಇರಬೇಕು ಅಂತ ಅಲ್ಲೇ ಒಂದೊಂದಾಗಿ ಹೇಳಿದೆ. ಅದೇ ಸಂಹಿತೆಯ ಕೊನೆಯಲ್ಲಿ ಅನುಬಂಧ ಎ ಇದೆ, ವಾದಪತ್ರದ ನಮೂನೆಗಳೇ ಅದರಲ್ಲಿವೆ. ಮೂರು ವರ್ಷ ಆ ಬೇರ್ ಆಕ್ಟ್ ನನ್ನ ಚೀಲದಲ್ಲೇ ಇತ್ತು, ಯಾರಾದರೂ ಕಾಲೇಜಿನಲ್ಲೇ ತೋರಿಸಿದ್ದರೆ ಎಷ್ಟು ಚೆನ್ನಾಗಿರ್ತಿತ್ತು. ಜೊತೆಗೆ ಆಫೀಸಿನ ಹಳೇ ಕಟ್ಟುಗಳು. ಮುಗಿದ ಒಂದು ಕೇಸಿನ ದಾವೆ, ತಕರಾರು (ಪ್ರತಿವಾದಿಯ ಲಿಖಿತ ಉತ್ತರ), ಪಾಟಿಸವಾಲು, ತೀರ್ಪು ನಾಲ್ಕನ್ನೂ ಒಟ್ಟಿಗೆ ಓದಿದರೆ ಯಾವ ನಮೂನೆ ಪುಸ್ತಕವೂ ಕಲಿಸದಷ್ಟು ಕಲಿಯುತ್ತೀರಿ. ಇಂಟರ್ನ್‌ಶಿಪ್‌ಗೆ ಹೋದಾಗ ಸುಮ್ನೆ ಕೂರಬೇಡಿ, ಇದನ್ನು ಕೇಳಿ ಪಡೆದುಕೊಳ್ಳಿ.

ದುಡ್ಡು ಕಡಿಮೆ ಇದೆ ಅನ್ನುವವರಿಗೆ ನಾನು ಹೇಳೋದು: ಪ್ರತಿ ವಿಷಯಕ್ಕೂ ಬೇರ್ ಆಕ್ಟ್ ಕೊಳ್ಳಿ, ಇಂಗ್ಲಿಷ್ ಪದವನ್ನೂ ಕೊಡುವ ಒಂದು ಕನ್ನಡ ಪುಸ್ತಕ ಕೊಳ್ಳಿ, ದಪ್ಪದ್ದನ್ನು ಲೈಬ್ರರಿಯಲ್ಲಿ ಓದಿ. ಗೈಡ್ ಬೇಕೆಂದರೆ ಕೊನೆಯ ಎರಡು ವಾರಕ್ಕೆ ಗೆಳತಿಯರ ಹತ್ತಿರ ತೆಗೆದುಕೊಳ್ಳಿ. ಬೇರ್ ಆಕ್ಟ್‌ನಲ್ಲಿ ಪೆನ್ಸಿಲ್‌ನಿಂದಲೇ ಗುರುತು ಹಾಕಿ. ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಗೆ ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಮಾತ್ರ ಒಳಗೆ ಬಿಡುತ್ತಾರೆ. ನನ್ನ ಪ್ರತಿಗಳಲ್ಲೆಲ್ಲಾ ಇಂಕಿನಲ್ಲಿ ಬರೆದುಕೊಂಡಿದ್ದರಿಂದ ಪರೀಕ್ಷೆಗೆ ಹೋಗುವಾಗ ಅಷ್ಟನ್ನೂ ಮತ್ತೆ ಹೊಸದಾಗಿ ಕೊಳ್ಳಬೇಕಾಯಿತು.